ಒಂದೇ ಹೊಳೆಗೆ ಎರಡು ಅಣೆಕಟ್ಟು

"ನಿಮ್ಮ ಕಂಪ್ಯೂಟರಿಗೆ ಹೇಳಿ ಮಾರಾಯ್ರೆ, ಸಮುದ್ರದ ಕೆಲಸ ಇನ್ನೂ ಮುಗಿಯಲಿಲ್ಲ ಅಂತ!"

ಕಳೆದ ವಾರ ಕಾಪು ಸಮೀಪದ ಒಂದು ಗ್ರಾಮ ಪಂಚಾಯತ್ ಕಚೇರಿಗೆ (ಹೆಸರು ಬೇಡ) ಕಾಲಿಟ್ಟಾಗ ನನಗೆ ಕೇಳಿಸಿದ ಮೊದಲ ಮಾತು ಇದು. ಆಡಿದವರು ಗುಳ್ಳ ಬದನೆ ಬೆಳೆಯುವ ಲೀಲಕ್ಕ. ಎದುರಿಗೆ ತಲೆ ತಗ್ಗಿಸಿ ಕುಳಿತವರು ಪಂಚಾಯತ್ ಕಾರ್ಯದರ್ಶಿ.

ಸಂಗತಿ ಇಷ್ಟು. ಆ ಊರಿನ ಹೊಳೆಗೊಂದು ಕಿಂಡಿ ಅಣೆಕಟ್ಟು ಇದೆ. ಮಳೆ ನಿಂತ ಮೇಲೆ ಅದರ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಬೇಕು. ಇಲ್ಲದಿದ್ದರೆ ಉಬ್ಬರದ ಉಪ್ಪುನೀರು ನೇರ ಗದ್ದೆಗೆ. ಮುಂದಿನ ಮಳೆಗೆ ಮುನ್ನ ಹಲಗೆ ತೆಗೆಯಬೇಕು. ಪ್ರತಿ ವರ್ಷವೂ ಇದೇ ಕೆಲಸ. ಉಪ್ಪಿನಿಂದ ಬೆಳೆಯಿಲ್ಲದೆ ಹಡಿಲು ಬಿದ್ದಿದ್ದ ಗದ್ದೆಗಳಲ್ಲಿ ಮತ್ತೆ ಬೆಳೆ ಬಂದದ್ದು ಈ ಹಲಗೆಗಳಿಂದಲೇ. ಲೀಲಕ್ಕ ಬೀಡಿ ಕಟ್ಟುವುದನ್ನು ಬಿಟ್ಟು ಗದ್ದೆಗೆ ಇಳಿದದ್ದೂ ಆಮೇಲೆಯೇ.

ಹಿಂದೆ ಹಲಗೆಯ ಖರ್ಚನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಕಳೆದ ವರ್ಷ ಪಂಚಾಯತ್ ಬಜೆಟ್ ಕಂಪ್ಯೂಟರಿಗೆ ಹೋಯಿತು. ಮಣಿಪಾಲದಲ್ಲಿ ಮೂರು ದಿನ ತರಬೇತಿ ಪಡೆದ ಕಾರ್ಯದರ್ಶಿ, ಹಲಗೆ ಹಾಕಿಸಿ, "ಕಾಮಗಾರಿ ಪೂರ್ಣ" ಎಂದು ಒತ್ತಿದರು. (ಶಿಸ್ತಿನ ಮನುಷ್ಯ.) ಈ ವರ್ಷ ಅದೇ ಕೆಲಸ ಸೇರಿಸಲು ಹೋದರೆ ಕಂಪ್ಯೂಟರ್ ಒಪ್ಪುತ್ತಿಲ್ಲ. ಪೂರ್ಣವಾದ ಕೆಲಸಕ್ಕೆ ಮತ್ತೇಕೆ ಹಣ?

"ಮೇಲಿನವರಿಗೆ ಬರೆದಿದ್ದೇನೆ ಲೀಲಕ್ಕ. ಸ್ವಲ್ಪ ತಾಳಿ."

"ನಾನು ತಾಳ್ತೇನೆ. ಅಮಾವಾಸ್ಯೆಯ ದೊಡ್ಡ ಉಬ್ಬರ ತಾಳ್ತದಾ? ಇನ್ನು ಐದು ದಿನ ಉಂಟು ಅಷ್ಟೆ. ಗಿಡದಲ್ಲಿ ಹೂ ಬಂದದ್ದೇ ಈಗ."

ಲೀಲಕ್ಕ ನನ್ನ ಕಡೆ ತಿರುಗಿದರು. "ಕಂಪ್ಯೂಟರ್ ಬಂತು, ಇನ್ನು ಎಲ್ಲ ಸಲೀಸು ಅಂತ ಪೇಪರಿನಲ್ಲಿ ಬರೆದದ್ದು ನೀವೇ ಅಲ್ವಾ?"

ನಾನೇ. (ಮೂರು ಕಾಲಂ, ಫೋಟೊ ಸಹಿತ.)

ಕಾರ್ಯದರ್ಶಿ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡರು. ಬಳಿಕ ಒಂದೇ ಬೆರಳಿನಲ್ಲಿ ನಿಧಾನವಾಗಿ ಟೈಪ್ ಮಾಡಿದರು: ಗುಳ್ಳದ ಗದ್ದೆ ಬಳಿಯ ಹೊಸ ಅಣೆಕಟ್ಟಿಗೆ ಹಲಗೆ. ಕಂಪ್ಯೂಟರ್ ತಕರಾರಿಲ್ಲದೆ ಒಪ್ಪಿತು.

"ಹೊಸದಾ? ಎಲ್ಲುಂಟು?" ಲೀಲಕ್ಕನಿಗೆ ಆಶ್ಚರ್ಯ.

"ಇದರ ಒಳಗೆ" ಎಂದು ಅವರು ಪರದೆ ತೋರಿಸಿದರು. ನಗಲಿಲ್ಲ. ಹಣೆ ಒರೆಸಿಕೊಂಡರು.

ಮೂರನೆಯ ದಿನ ಬಾಗಲಕೋಟೆ ಕಡೆಯ ನಾಲ್ವರು ಕೂಲಿಯಾಳುಗಳು ಇದ್ದ ಹಳೆಯ ಅಣೆಕಟ್ಟಿಗೇ ಹಲಗೆ ಇಳಿಸಿ ಮಣ್ಣು ತುಂಬಿದರು. ಅಮಾವಾಸ್ಯೆಯಂದು ನಾನು ಹೋಗಿ ನೋಡಿದೆ. ಉಬ್ಬರದ ನೀರು ಹಲಗೆಯ ಅಂಚಿಗಿಂತ ಒಂದು ಗೇಣು ಕೆಳಗೆ ನಿಂತಿತ್ತು. ಈಚೆ ಬದಿಯ ಗದ್ದೆಯಲ್ಲಿ ಲೀಲಕ್ಕ ಕಳೆ ಕೀಳುತ್ತಿದ್ದರು. ತಲೆ ಎತ್ತಿ ಹೊಳೆ ನೋಡುವ ಗೋಜಿಗೇ ಹೋಗಲಿಲ್ಲ.

ಕಂಪ್ಯೂಟರನ್ನು ದೂರುವುದು ಸರಿಯಲ್ಲ. ಅದು ಹೇಳಿದಷ್ಟನ್ನು ಮಾಡುತ್ತದೆ. ಪ್ರತಿ ವರ್ಷ ಹೊಸದಾಗಿ ಮಾಡಬೇಕಾದ ಕೆಲಸಗಳೂ ಹಳ್ಳಿಯಲ್ಲಿವೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. (ನನ್ನ ವರದಿಯೂ ಹೇಳಿರಲಿಲ್ಲ.)

ಈಗ ದಾಖಲೆಯಲ್ಲಿ ಆ ಹೊಳೆಗೆ ಎರಡು ಅಣೆಕಟ್ಟು. ಮುಂದಿನ ವರ್ಷ ಮೂರು. ಯಾವುದು ನಿಜ ಎಂದು ಕಚೇರಿಯಲ್ಲಿ ಬಲ್ಲವರು ಸದ್ಯ ಈ ಕಾರ್ಯದರ್ಶಿ ಒಬ್ಬರೇ.

ಅವರಿಗೆ ವರ್ಗವಾದ ವರ್ಷ, ಹೊಸಬರು ಯಾವ ಅಣೆಕಟ್ಟಿಗೆ ಹಲಗೆ ಹಾಕಿಸುತ್ತಾರೆ?