ಮೇಷ್ಟ್ರ ಒಂದು ಸಹಿ

ನಮ್ಮ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಮೆಟ್ಟಿಲು ಹತ್ತಿದ ಕೂಡಲೇ ಒಂದು ಉದ್ದದ ಗೋಡೆ ಸಿಗುತ್ತದೆ. ಗೋಡೆ ತುಂಬಾ ಫೋಟೋ. ಇಲ್ಲಿ ಓದಿ ದೊಡ್ಡವರಾದವರು, ಇಲ್ಲಿ ಪಾಠ ಹೇಳಿ ದೊಡ್ಡವರಾದವರು. ನ್ಯಾಯಮೂರ್ತಿ, ಮಂತ್ರಿ, ಕುಲಪತಿ, ದೆಹಲಿಯಲ್ಲಿ ಕಾರ್ಯದರ್ಶಿಯಾಗಿದ್ದವರು, ಎಲ್ಲರೂ ಕೋಟು ಹಾಕಿಕೊಂಡು ನಮ್ಮನ್ನೇ ನೋಡುತ್ತಿರುತ್ತಾರೆ. ಎಂ.ಎ. ಓದುವಾಗ ನಾವು ಹುಡುಗಿಯರು ಅದರ ಕೆಳಗೇ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆವು. 'ನೀನ್ಯಾವಾಗ ಕಣೇ ಗೋಡೆ ಹತ್ತೋದು?' ಅಂತ ಒಬ್ಬರನ್ನೊಬ್ಬರು ರೇಗಿಸುತ್ತಿದ್ದೆವು. ನಾನು ಹತ್ತಲಿಲ್ಲ. ತುರುವೇಕೆರೆಯಲ್ಲಿ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿ, ಪ್ರತಿ ವರ್ಷ ಈ ಸಲ ಕರೀತಾರೋ ಇಲ್ಲವೋ ಅಂತ ಕಾದು ಕೂರುವವರಲ್ಲಿ ಒಬ್ಬಳಾದೆ.

ಆ ಗೋಡೆಯ ಎರಡನೇ ಸಾಲಿನಲ್ಲಿ ಕೋಟಿಲ್ಲದ ಫೋಟೋ ಒಂದೇ ಒಂದು ಇದೆ. ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಫೋಟೋ ತೆಗೆಯುವವನ ಮೇಲೆ ಸಿಟ್ಟು ಬಂದಂಥ ಮುಖ. ಅವರು ನನ್ನ ಗೈಡು. ಅಲ್ಲೇ ಓದಿ, ಅಲ್ಲೇ ಮೇಷ್ಟ್ರಾಗಿ, ಅಲ್ಲೇ ನಿವೃತ್ತರಾದವರು. ಶಾಸನ ಓದುವುದರಲ್ಲಿ ಅವರು ಒಂದು ಮಾತು ಹೇಳಿದರೆ ಮುಗಿಯಿತು, ಎದುರಾಡುವವರು ಇರಲಿಲ್ಲ. ಅವರ ಊರು ನಮ್ಮ ಕಡೆಯದೇ, ಶೆಟ್ಟಿಕೆರೆಯಿಂದ ಸ್ವಲ್ಪ ಒಳಗೆ. ನಿವೃತ್ತಿಯ ಮಾರನೇ ವಾರವೇ ಹೆಂಡತಿಯನ್ನು ಕರೆದುಕೊಂಡು ತೋಟಕ್ಕೆ ಬಂದುಬಿಟ್ಟರು. ಅವರ ಹತ್ತಿರ ಪಿಎಚ್‌ಡಿಗೆ ಸೇರಿದ ಕೊನೆಯವಳು ನಾನು. ನಮ್ಮ ಮೂರು ತಾಲ್ಲೂಕಿನ ಕೆರೆ ಶಾಸನಗಳ ಮೇಲೆ ನನ್ನ ಪ್ರಬಂಧ.

ಈಗ ನಮ್ಮ ದಡ್ಡತನ ಹೇಳುತ್ತೇನೆ, ಬೇರೆ ಸೀಮೆಯವರು ಇದನ್ನು ಮಾಡುತ್ತಿರಲಿಲ್ಲ. ನಮ್ಮಲ್ಲಿ ತೆಂಗಿನಕಾಯಿ ಕಿತ್ತ ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಅಲ್ಲಿಯವರೆಗೆ ಯಾರೂ ಅವಸರ ಮಾಡುವಂತಿಲ್ಲ. ಮೇಷ್ಟ್ರು ಪ್ರಬಂಧಕ್ಕೂ ಇದೇ ಕಾನೂನು ಹಾಕಿದರು. ನಾನು ಒಂದು ಅಧ್ಯಾಯ ಬರೆದು ತಗೊಂಡು ಹೋದರೆ, 'ಅಟ್ಟದ ಮೇಲಿರ್ಲಿ ಕಣಮ್ಮ, ಮುಂದಿನ ವರ್ಷ ಇಳಿಸಿ ಓದೋಣ. ಎಲ್ಲಿ ಹಸಿ ಅಂತ ನಿನಗೇ ಗೊತ್ತಾಗುತ್ತೆ' ಅನ್ನೋರು. ಸುಮ್ಮನೆ ಮಾತಿಗಲ್ಲ, ನಿಜವಾಗಿಯೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಏಣಿ ಹತ್ತಿ ಕಾಯಿ ರಾಶಿಯ ಪಕ್ಕ ಇಟ್ಟು ಬರೋರು. ಬೇರೆ ಹುಡುಗಿಯಾಗಿದ್ದರೆ ಇದೇನು ಹುಚ್ಚು ಅಂತ ಅವತ್ತೇ ಇನ್ನೊಬ್ಬ ಗೈಡನ್ನು ಹುಡುಕಿಕೊಳ್ಳುತ್ತಿದ್ದಳು. ನಾನು ಕೊಬ್ಬರಿ ಮನೆಯಲ್ಲಿ ಹುಟ್ಟಿದವಳು, ಹೌದಲ್ವಾ ಅಂತ ತಲೆಯಾಡಿಸಿದೆ. ಹೆಮ್ಮೆ ಬೇರೆ ಪಟ್ಟೆ. ನನ್ನ ಜೊತೆಯಲ್ಲೇ ಸೇರಿದ್ದ ಗೆಳತಿ ಬೇರೆಯವರ ಹತ್ತಿರ ಸರಸರ ಮುಗಿಸಿದಳು, ಈಗ ಅದೇ ವಿಭಾಗಕ್ಕೆ ಮುಖ್ಯಸ್ಥೆ.

ಒಂದೊಂದು ಅಧ್ಯಾಯವೂ ವರ್ಷ ಕಾದು ಕೆಳಗಿಳಿಯಿತು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಚಿದರು, ನಾನು ತಿದ್ದಿದೆ, ಅವರು ಒಪ್ಪಿದರು. ನಡುವೆ ಕೊರೊನಾ ಬಂದು ಓಡಾಟ ನಿಂತಿತು. ಕೊನೆಯ ಅಧ್ಯಾಯ ಅಟ್ಟ ಹತ್ತಿ ಕೂತಿತು. ಅದು ಇಳಿಯುವ ಹೊತ್ತಿಗೆ ಮೇಷ್ಟ್ರಿಗೆ ಮರೆವು ಹಿಡಿದಿತ್ತು.

ಮೊದಲು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಒಂದು ಭಾನುವಾರ, ಹಳೆಯ ವಿದ್ಯಾರ್ಥಿಗಳ ಸಂಘದವರು ಅವರನ್ನು ಸನ್ಮಾನಿಸಲು ಮನೆಗೇ ಬಂದಾಗ. ಕಾರುಗಳು ತೋಟದ ದಾರಿಯಲ್ಲಿ ಸಾಲಾಗಿ ನಿಂತವು. ಬಂದವರಲ್ಲಿ ಅರ್ಧ ಜನ ಆ ಗೋಡೆ ಹತ್ತಿದವರೇ. ಶಾಲು, ಪೇಟ, ಹಣ್ಣಿನ ಬುಟ್ಟಿ. ಒಬ್ಬೊಬ್ಬರೇ ಕಾಲಿಗೆ ನಮಸ್ಕಾರ ಮಾಡಿದಾಗಲೂ ಮೇಷ್ಟ್ರು ಬೆನ್ನು ತಟ್ಟಿ, 'ಏನಪ್ಪಾ, ಈಗೇನು ಓದ್ತಾ ಇದ್ದೀಯ?' ಅಂದರು. ತಲೆ ಪೂರ್ತಿ ನೆರೆತ ದೊಡ್ಡ ಅಧಿಕಾರಿಯೊಬ್ಬರಿಗೆ ಈ ಮಾತು ಕೇಳಿ ಕಣ್ಣಲ್ಲಿ ನೀರೇ ಬಂತು. 'ನೋಡ್ರಿ, ಮೇಷ್ಟ್ರು ಒಂಚೂರೂ ಬದಲಾಗಿಲ್ಲ' ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದರು. ಕಾರುಗಳೆಲ್ಲ ಹೋದ ಮೇಲೆ ಮೇಷ್ಟ್ರು ಹೆಂಡತಿಯನ್ನು ಕರೆದು, 'ಅವರೆಲ್ಲ ಯಾರೇ? ಹೆಣ್ಣು ನೋಡೋಕೆ ಬಂದಿದ್ರಾ?' ಅಂತ ಕೇಳಿದರು. ನಾನು ಲೋಟಗಳನ್ನು ಎತ್ತುತ್ತಿದ್ದೆ.

ಅಮ್ಮ, ಅಂದರೆ ಮೇಷ್ಟ್ರ ಹೆಂಡತಿ, ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. 'ಯಾರಿಗೂ ಹೇಳ್ಬೇಡ ಕಣಮ್ಮ. ಅಷ್ಟು ಜನಕ್ಕೆ ಬುದ್ಧಿ ಹೇಳಿದೋರು. ಇವರಿಗೇ ಬುದ್ಧಿ ಇಲ್ಲ ಅಂತ ಊರೋರ ಬಾಯಿಗೆ ಬೀಳೋದು ಬ್ಯಾಡ' ಅಂದರು. ಆಯ್ತಮ್ಮ ಅಂದೆ. ಅವರ ಮಾನ ಉಳಿಸಲು ಅಂದೆನೋ, ನನ್ನ ಕೆಲಸ ಕೆಡುತ್ತದೆ ಅಂತ ಹೆದರಿ ಅಂದೆನೋ, ಅವತ್ತು ಎರಡೂ ಒಂದೇ ಆಗಿತ್ತು.

ಆಮೇಲೆ ಎಲ್ಲ ಒಟ್ಟಿಗೇ ಬಂದು ಕುತ್ತಿಗೆಗೆ ಕೂತಿತು. ವಿಶ್ವವಿದ್ಯಾಲಯದವರು ಇದೇ ಕೊನೇ ಅವಕಾಶ, ಶನಿವಾರದೊಳಗೆ ಪ್ರಬಂಧ ತಂದು ಕೊಡಬೇಕು, ಇಲ್ಲದಿದ್ದರೆ ನೋಂದಣಿಯೇ ರದ್ದು ಅಂದರು. ಕಾಲೇಜಿನಲ್ಲಿ ಮುಂದಿನ ವರ್ಷದಿಂದ ಪಿಎಚ್‌ಡಿ ಇಲ್ಲದವರು ಬರುವುದೇ ಬೇಡ ಅಂದರು. ಪ್ರಬಂಧ ತಯಾರಿತ್ತು. ಇಲ್ಲದೇ ಇದ್ದದ್ದು ಒಂದೇ: ಈ ಸಂಶೋಧನೆ ನನ್ನ ಮಾರ್ಗದರ್ಶನದಲ್ಲಿ ನಡೆದಿದೆ ಅನ್ನುವ ಪುಟದ ಕೆಳಗೆ ಗೈಡಿನ ಸಹಿ.

ವಿಭಾಗದಲ್ಲಿದ್ದ ಗೆಳತಿಗೆ ಫೋನು ಮಾಡಿ ಬಾಯಿಬಿಟ್ಟು ಹೇಳಿಬಿಟ್ಟೆ. ಅವಳು ಎಲ್ಲ ಕೇಳಿಸಿಕೊಂಡು, 'ಗೈಡಿಗೆ ಹುಷಾರಿಲ್ಲ ಅಂತ ಬರೆದುಕೊಟ್ಟರೆ ಗೈಡನ್ನ ಬದಲಾಯಿಸ್ತಾರೆ, ಮತ್ತೆ ಮೊದಲಿಂದ ಶುರು ಮಾಡ್ಬೇಕು. ನಿನಗೆ ಆ ಟೈಮೂ ಇಲ್ಲ. ನೀನು ಇದನ್ನ ನನಗೆ ಹೇಳಲೇ ಇಲ್ಲ ಅಂದ್ಕೋತೀನಿ. ಹೆಂಗಾದ್ರೂ ಒಂದು ಸಹಿ ತಗೊಂಡು ಬಾರೇ' ಅಂದಳು. ಮನೆಯಲ್ಲಿ ನಮ್ಮ ಯಜಮಾನರದ್ದೂ ಅದೇ ಮಾತು. 'ಅವರೇ ನಿನ್ನ ಗೈಡು, ಪ್ರಬಂಧ ನೀನೇ ಬರೆದಿದ್ದು, ಇದರಾಗೆ ಮೋಸ ಎಲ್ಲಿಂದ ಬಂತು? ಕೈ ಹಿಡ್ಕಂಡು ಹಾಕಿಸ್ಬುಡು' ಅಂದರು. ನಾನು ಅವರ ಮೇಲೆ ರೇಗಿದೆ. ರೇಗಿ, ಅಡುಗೆಮನೆಗೆ ಹೋಗಿ, ಬಾಗಿಲ ಹಿಂದೆ ನಿಂತು ಅತ್ತೆ. ನನಗೆ ಬೇರೆ ಕೆಲಸ ಬರುವುದಿಲ್ಲ. ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆ? ನಾಳೆ ಹುಡುಗರ ಮುಂದೆ ನಿಲ್ಲುವುದೇ ಇಲ್ಲ ಅಂದರೆ ನಾನು ಯಾರು ಅಂತ ನನಗೇ ತಿಳಿಯಲಿಲ್ಲ. ಅಷ್ಟು ಭಯ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಗುರುವಾರ ಬೆಳಗ್ಗೆ ತಿಪಟೂರಿಗೆ ಹೋಗಿ ಅಲ್ಲಿಂದ ಶೆಟ್ಟಿಕೆರೆ ಬಸ್ಸು ಹತ್ತಿದೆ. ಬೈಂಡ್ ಮಾಡಿಸಿದ ಪ್ರಬಂಧ ತೊಡೆಯ ಮೇಲಿತ್ತು. ಬಸ್ಸಿನಲ್ಲಿ ಒಂದು ತೀರ್ಮಾನಕ್ಕೆ ಬಂದೆ. ಕೈ ಹಿಡಿದು ಹಾಕಿಸುವುದಿಲ್ಲ. ಮೊದಲಿನ ಅಧ್ಯಾಯಗಳನ್ನೆಲ್ಲ ಮೇಷ್ಟ್ರು ನೆಟ್ಟಗಿದ್ದಾಗಲೇ ಓದಿ ಒಪ್ಪಿದ್ದಾರೆ. ಉಳಿದದ್ದು ಕೊನೆಯದೊಂದು. ಅದನ್ನು ಓದಿ ಹೇಳುತ್ತೇನೆ, ಬೆಳಗಿನ ಹೊತ್ತು ಅವರ ತಲೆ ಸ್ವಲ್ಪ ತಿಳಿಯಾಗಿರುತ್ತದೆ. ಕೇಳಿ, ಅರ್ಥವಾಗಿ, ಒಪ್ಪಿದರೆ ಹಾಕಲಿ. ಆಗ ಅದು ನಿಜವಾದ ಸಹಿಯೇ. ದೇವರೇ, ಇವತ್ತೊಂದು ದಿನ ಅವರನ್ನು ವಾಪಸ್ ಕೊಡಪ್ಪಾ ಅಂತ ಬಸ್ಸಿಳಿಯುವವರೆಗೂ ಬೇಡಿಕೊಂಡೆ.

ಮೇಷ್ಟ್ರು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಜಗಲಿಯ ಮೇಲೆ ಕೂತಿದ್ದರು. 'ಬಾಮ್ಮ, ಈಗೇನು ಓದ್ತಾ ಇದ್ದೀಯ?' ಅಂದರು. 'ಕೆರೆ ಶಾಸನ ಸಾರ್. ಸ್ವಲ್ಪ ಕೇಳ್ತೀರಾ?' ಅಂದೆ. ಕಣ್ಣು ಮುಚ್ಚಿಕೊಂಡು, ಓದು ಅಂತ ಕೈ ಮಾಡಿದರು.

ಓದಿದೆ. ಮೊದಲ ಪುಟಗಳಲ್ಲಿ ಅವರು ನಿದ್ದೆ ಹೋದರೇನೋ ಅಂತ ಎರಡು ಸಲ ತಲೆಯೆತ್ತಿ ನೋಡಿದೆ. ಇದ್ದಕ್ಕಿದ್ದ ಹಾಗೆ 'ನಿಲ್ಸು' ಅಂದರು.

'ತೂಬಿನ ಕಲ್ಲು ಅಂದೆಯಲ್ಲ, ಅದನ್ನ ನೋಡಿದ್ದೀಯೋ, ಯಾರೋ ಬರೆದಿದ್ದನ್ನ ಓದಿದ್ದೀಯೋ?'

'ನೋಡಿದೀನಿ ಸಾರ್, ದಂಡಿನಶಿವರದ ಕಡೆ. ಜಾಲಿ ಕಡಿಸಿ, ಕಲ್ಲು ತೊಳೆದು ಓದಿದೆ.'

'ಕೊನೇ ಸಾಲು ಸವೆದಿದೆ ಅಂತೀಯ. ಅಲ್ಲಿ ನಿನಗೆ ಬೇಕಾದ್ದನ್ನ ತುಂಬಿಲ್ಲ ತಾನೆ?'

'ಇಲ್ಲ ಸಾರ್. ಖಾಲಿ ಬಿಟ್ಟಿದೀನಿ.'

'ಹಂಗೇ ಬಿಡ್ಬೇಕು. ಗೊತ್ತಿಲ್ಲದ್ದನ್ನ ಬರೀಬಾರದು.'

ನನ್ನ ಮೈಯೆಲ್ಲ ಬೆಚ್ಚಗಾಯಿತು. ಇವರು ನಮ್ಮ ಮೇಷ್ಟ್ರು, ಅದೇ ಮೇಷ್ಟ್ರು. ಒಂದು ಕಡೆ ಶಾಸನದ ಕಾಲ ತಪ್ಪಾಗಿದೆ ಅಂದರು, ತಪ್ಪೇ ಆಗಿತ್ತು, ಅಲ್ಲೇ ತಿದ್ದಿಕೊಂಡೆ. ಒಂದು ಕಡೆ ಇಷ್ಟೊಂದು ಮಾತು ಯಾಕೆ ಅಂತ ಬೈದರು. ಆ ಬೈಗುಳ ಕೇಳಿ ನನಗಾದ ಸಂತೋಷ ಹೇಳಿ ಮುಗಿಸುವಂಥದ್ದಲ್ಲ. ಅಮ್ಮ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಓದು ಮುಗಿದಾಗ ಮೇಷ್ಟ್ರು ಕಣ್ಣು ಬಿಟ್ಟು, 'ಚೆನ್ನಾಗಿದೆ. ಇದನ್ನ ಕೊಡಬಹುದು' ಅಂದರು.

ನಾನು ಆ ಪುಟ ತೆರೆದು ಅವರ ತೊಡೆಯ ಮೇಲಿಟ್ಟೆ. ಅಮ್ಮ ಕನ್ನಡಕ ತಂದುಕೊಟ್ಟರು. ನಾನು ಪೆನ್ನು ಕೊಟ್ಟೆ. ಮೇಷ್ಟ್ರು ಸಹಿ ಹಾಕುವ ಮೊದಲು ಪೂರ್ತಿ ಓದಿದರು, ಮೊದಲಿಂದಲೂ ಅವರು ಹಾಗೆಯೇ. ಓದಿ, ಪೆನ್ನನ್ನು ಕೆಳಗಿಟ್ಟರು.

'ಇದರಲ್ಲಿ ನನ್ನ ಹೆಸರು ಹಾಕಿಬಿಟ್ಟಿದ್ದಾರಲ್ಲಮ್ಮ. ತಪ್ಪಾಗಿದೆ. ನಿನ್ನ ಗೈಡು ಯಾರು?'

ಅಮ್ಮನೇ, 'ನೀವೇ ಕಣ್ರೀ. ನಿಮ್ಮ ಹತ್ರಾನೇ ಓದಿದ ಹುಡುಗಿ ಇವಳು' ಅಂದರು.

'ನೀನು ಸುಮ್ನಿರು' ಅಂದರು ಮೇಷ್ಟ್ರು. 'ಇಂಥ ಹುಡುಗಿ ನನ್ನ ಹತ್ರ ಓದಿದ್ರೆ ನಾನು ಮರೀತಿದ್ನಾ?'

ಅವರ ಬಲಗೈ ಆ ಪುಟದ ಮೇಲೆ, ಸಹಿ ಹಾಕುವ ಜಾಗದ ಪಕ್ಕದಲ್ಲೇ ಇತ್ತು. ಅಮ್ಮ ನನ್ನ ಕಡೆ ನೋಡಿ, ಹಿಡ್ಕೋ ಅಂತ ಕಣ್ಣಲ್ಲೇ ಹೇಳಿದರು. ಹಿಡಿದುಕೊಂಡಿದ್ದರೆ ಮೇಷ್ಟ್ರು ಬಿಡಿಸಿಕೊಳ್ಳುತ್ತಿರಲಿಲ್ಲ, ಅಷ್ಟು ಶಕ್ತಿಯೂ ಅವರಿಗಿರಲಿಲ್ಲ. ನನಗೆ ಆಗಲಿಲ್ಲ.

'ಯಾರೋ ಕಷ್ಟಪಟ್ಟು ಕಲಿಸಿದ್ದಾರೆ ನಿನಗೆ' ಅಂದರು. 'ಅವರ ಜಾಗದಲ್ಲಿ ನಾನು ಹಾಕಿದ್ರೆ ಅವರಿಗೆ ಎಷ್ಟು ಬೇಜಾರಾಗುತ್ತೆ? ಅವರ ಹತ್ರಾನೇ ಹಾಕಿಸ್ಕೋ.'

'ಅವರು ಸಿಗೋದು ಕಷ್ಟ ಸಾರ್' ಅಂದೆ.

'ಯಾಕೆ, ತೀರ್ಕೊಂಡ್ರಾ?'

'ಇಲ್ಲ ಸಾರ್. ಇದ್ದಾರೆ.'

ಮೇಷ್ಟ್ರು ಪ್ರಬಂಧವನ್ನು ಮುಚ್ಚಿ, ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು. 'ಹಂಗಾದ್ರೆ ಹೋಗಮ್ಮ ಅವರ ಹತ್ರ' ಅಂದರು. 'ಇಲ್ಲಿ ಯಾಕೆ ಕೂತಿದ್ದೀಯ?'