ಆಯುಧಪೂಜೆಗೆ ನಿಂತ ಪಂಪು

ಭದ್ರಾವತಿಯ ಕಾರ್ಖಾನೆಯಲ್ಲಿ ತಮ್ಮ ಸೆಕ್ಷನ್ ಮುಚ್ಚಿದ ಮೇಲೆ ನಮ್ಮ ಯಜಮಾನರು ಮಾತನ್ನೇ ಬಿಟ್ಟಿದ್ದರು. ಶಿಫ್ಟಿಗೆ ಏಳುವ ಹೊತ್ತಿಗೇ ಎದ್ದು, ರವೀಂದ್ರನಗರದ ಮನೆಯ ಗೋಡೆ ನೋಡುತ್ತ ಕೂರುತ್ತಿದ್ದರು. ಹಾಗಾಗಿ ಒಂದು ದಿನ ಅವರಾಗಿಯೇ "ಸಮುದ್ರದ ಮೀನು ಸಾಕೋಣ ಕಣೇ" ಅಂದಾಗ, ಶಿವಮೊಗ್ಗಕ್ಕೆ ಸಮುದ್ರ ಎಲ್ಲಿಂದ ತರ್ತೀರಿ ಎಂಬ ಕೊಂಕು ನಾಲಿಗೆ ತುದಿಗೆ ಬಂದರೂ ನುಂಗಿಕೊಂಡೆ.

ಸಮುದ್ರ ಬಂದದ್ದು ನನ್ನ ಸೊಂಟದ ಮೇಲೆ. ಶಾಲೆಯಲ್ಲಿ ಗಂಟಲು ಹರಿದುಕೊಂಡು ಬಂದವಳು ಫಿಲ್ಟರ್ ನೀರಿನ ಕ್ಯಾನು ಹೊರಬೇಕು, ಸಮುದ್ರದ ಮೀನಿಗೆಂದೇ ಬೆಂಗಳೂರಿಂದ ತರಿಸಿದ ಉಪ್ಪು ಅದರಲ್ಲಿ ಕದಡಬೇಕು. ಗಾಜಿನ ತೊಟ್ಟಿಗೆ ಮರಳು, ಕಲ್ಲು ಹಾಕಿದ ಮೇಲೂ ನೀರು ಹದಕ್ಕೆ ಬರುವ ತನಕ ವಾರಗಟ್ಟಲೆ ಮೀನು ಬಿಡುವಂತಿಲ್ಲವಂತೆ. "ಕಲ್ಲು ಸಾಕ್ತಿದೀರೇನ್ರೀ?" ಎಂದು ಪಕ್ಕದ ಮನೆಯಾಕೆ ನಕ್ಕರು. ನನಗೂ ಸಾಕಾಗಿಹೋಗಿತ್ತು. ಕೊನೆಗೆ ಕಿತ್ತಳೆ ಬಣ್ಣದ ಎರಡು ಮೀನು ಬಂದವು. ಜೊತೆಗೆ ತರಿಸಿದ್ದ ಜೀವಂತ ಹವಳದ ತುಂಡೊಂದು ಬೆರಳಿನಂಥ ಎಳೆಗಳನ್ನು ಬಿಡಿಸಿದ ದಿನ ಇವರು ನನ್ನನ್ನು ಅಡುಗೆಮನೆಯಿಂದ ಕೈ ಹಿಡಿದು ಎಳೆದೊಯ್ದು ತೋರಿಸಿದರು. ಮದುವೆಯಾದ ಹೊಸತರಲ್ಲೂ ಹಾಗೆ ಎಳೆದವರಲ್ಲ.

ನೀರು ತಿರುಗಿಸುವ ಪಂಪು ನಿಂತರೆ ಮೀನಿಗೆ ಉಸಿರು ಕಟ್ಟುತ್ತದೆಂದು, ಕರೆಂಟ್ ಹೋದರೂ ಓಡುತ್ತಿರಲಿ ಅಂತ ಬ್ಯಾಟರಿ ಜೋಡಿಸಿದ್ದವರು ಇವರೇ. ಆಯುಧಪೂಜೆಯ ದಿನ ಸ್ಕೂಟರ್, ಮಿಕ್ಸಿ, ಸ್ಪ್ಯಾನರುಗಳ ಜೊತೆ ಆ ಪಂಪನ್ನೂ ಬಿಚ್ಚಿ ತೊಳೆದು, ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟವರೂ ಇವರೇ. ಪೂಜೆಗಿಟ್ಟ ಮೆಷಿನನ್ನು ಮರುದಿನದ ಪೂಜೆಯ ತನಕ ಮುಟ್ಟಬಾರದು, ಅದು ಕಾರ್ಖಾನೆಯವರ ಪದ್ಧತಿ. ಹೋಳಿಗೆ ತಟ್ಟುತ್ತಿದ್ದ ನನಗೆ ಏನೇನು ಇಟ್ಟಿದ್ದಾರೆಂದು ನೋಡಲು ಪುರುಸೊತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ ಭದ್ರಾವತಿಯ ಹಳೆಯ ಸ್ನೇಹಿತರ ಮನೆಗಳಿಗೆ ಹೋಗಿ, ಸುಸ್ತಾಗಿ ಬಂದು ಮಲಗಿಬಿಟ್ಟೆವು.

ವಿಜಯದಶಮಿಯ ಬೆಳಿಗ್ಗೆ ಎರಡೂ ಮೀನು ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. ಇವರು ಪಂಪನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತರು.

"ಅಷ್ಟು ವರ್ಷ ಕಾರ್ಖಾನೇಲಿ ಹಬ್ಬಕ್ಕೆ ಮೆಷಿನ್ ನಿಲ್ಸಿದೀನಲ್ಲ ಮಾರಾಯ್ತಿ. ಮೆಷಿನ್ ನಿಂತ್ರೆ ಜೀವ ಹೋಗುತ್ತೆ ಅಂತ ತಲೆಗೇ ಬರ್ಲಿಲ್ಲ."

ಆ ಮಾತಿಗೆ ನನ್ನ ಸಿಟ್ಟು ಇಳಿಯಿತು. ಇವರು ಮತ್ತೆ ಮಾತು ಬಿಟ್ಟರೆ ನಾನೇನು ಮಾಡಲಿ ಎಂದು ಹೆದರಿಕೆಯಾಯಿತು.

"ಹವಳ ಇನ್ನೂ ಬದುಕಿದ್ದರೂ ಇರಬಹುದು ಕಣ್ರೀ, ಪಂಪು ಹಾಕಿ" ಅಂದೆ.

ಮರುಪೂಜೆ ಇನ್ನೂ ಆಗಿರಲಿಲ್ಲ. ಇವರು ಒಮ್ಮೆ ದೇವರ ಕಡೆ ನೋಡಿದರು. ಆಮೇಲೆ ಕುಂಕುಮವನ್ನು ಪಂಚೆಗೇ ಒರೆಸಿಕೊಂಡು, ಪಂಪನ್ನು ನೀರಿಗಿಳಿಸಿ ಸ್ವಿಚ್ ಹಾಕಿದರು. ಅಷ್ಟು ವರ್ಷದ ನೌಕರಿಯಲ್ಲಿ ಎಂದೂ ಮಾಡದ ಕೆಲಸ ಅದು.