ಕಿವಿ ಮೇಸ್ತ್ರಿಯ ತಲೆಯಾಟ

ದೋಣಿಕಟ್ಟೆಯ ಷೆಡ್ಡಿನಲ್ಲಿ ಎಂಜಿನ್ ರಿಪೇರಿ ಮಾಡುವ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಕಿವಿ ಮೇಸ್ತ್ರಿ ಎಂದೇ. ಬಿಚ್ಚಿ ಕಟ್ಟಿದ ಎಂಜಿನ್ ಯಾರದ್ದೇ ಇರಲಿ, ಕೊನೆಗೆ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೊತ್ತಿ, ಹಿಡಿಯನ್ನು ಕಿವಿಯ ಬುಡಕ್ಕೆ ಆನಿಸಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಅವನು ತಲೆಯಾಡಿಸಿದ ಮೇಲೆಯೇ ದೋಣಿಯ ಹಗ್ಗ ಬಿಚ್ಚುವುದು. ಸ್ಪಾರ್ಕು ಕೂದಲೆಳೆಯಷ್ಟು ಮುಂಚೆ ಬಿದ್ದರೂ ಅವನಿಗೆ ಗೊತ್ತಾಗುತ್ತಿತ್ತು. ಸ್ಪಾರ್ಕು ಬೀಳುವ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದು, ಎಂಜಿನ್ನಿನ ಜೊತೆ ತಿರುಗುವ ಪುಲ್ಲಿಯ ಮೇಲಿನ ಗುರುತು ನೋಡುವವರನ್ನು ಕಂಡರೆ, "ಹಾಡು ಕೇಳೋಕೆ ದೀಪ ಯಾಕ್ರಯ್ಯಾ ಬೇಕು?" ಎಂದು ನಗುತ್ತಿದ್ದ.

ಆ ಕಿವಿ ಹೋಗಿತ್ತು. ದಪ್ಪ ಸದ್ದು ಕೇಳುತ್ತಿತ್ತು, ಸಣ್ಣ ಸದ್ದು ಇಲ್ಲ. ಜೀವಮಾನವಿಡೀ ಅಬ್ಬರಿಸುವ ಎಂಜಿನ್‌ಗಳಿಗೆ ತಲೆ ಒಡ್ಡಿದವನಿಗೆ ಇನ್ನೇನಾದೀತು? ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ತಲೆಯಾಟಕ್ಕೆ ಕಿಲುಬು ಕಾಸಿನ ಬೆಲೆಯೂ ಇರುವುದಿಲ್ಲವೆಂದು ಗೊತ್ತಿತ್ತು. ಮಾತಾಡುವವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಕಲಿತ, "ಏನಂದೆ?" ಎಂದು ಮಾತ್ರ ಅಪ್ಪಿತಪ್ಪಿಯೂ ಯಾರನ್ನೂ ಕೇಳುತ್ತಿರಲಿಲ್ಲ. ಹೆಂಡತಿ ಒಮ್ಮೆ ಬಾಯಿ ಬಿಟ್ಟಿದ್ದಕ್ಕೆ, "ನಿನ್ನ ಗೊಣಗಾಟ ಕೇಳದೇ ಇದ್ರೆ ನಾನು ಕಿವುಡನಾ?" ಎಂದು ಹರಿಹಾಯ್ದಿದ್ದ.

ಆಗ ಬಂದದ್ದು ತಮ್ಮನ ದೋಣಿಯ ಎಂಜಿನ್. ಜನರನ್ನು ಆಚೆ ದಡಕ್ಕೆ ದಾಟಿಸುವ ದೋಣಿ ಅದು, ತಮ್ಮನ ಸಂಸಾರವೆಲ್ಲ ಅದರ ಮೇಲೆ. ಹೊಸ ಪಿಸ್ಟನ್ ಹಾಕಿ ಕಟ್ಟಿ ಮೊದಲ ಸಲ ಚಾಲೂ ಮಾಡಿದಾಗ ಅದು ಕೆಮ್ಮಿ, ಕಾರ್ಬ್ಯುರೇಟರಿನಿಂದ ಬೆಂಕಿ ಉಗುಳಿತು. ಸ್ಪಾರ್ಕು ಹಂಚುವ ಡಿಸ್ಟ್ರಿಬ್ಯೂಟರ್ ಒಂದು ಹಲ್ಲು ತಪ್ಪಿ ಕೂತಿತ್ತು. ಅದನ್ನೆತ್ತಿ ಸರಿಯಾಗಿ ಕೂರಿಸಿದ ಮೇಲೆ ಎಂಜಿನ್ ಓಡತೊಡಗಿತು. ಉಳಿದದ್ದು ಆ ಕೂದಲೆಳೆಯ ಲೆಕ್ಕ. ಎಷ್ಟು ಹೊತ್ತು ಆನಿಸಿಕೊಂಡು ನಿಂತರೂ ಸ್ಕ್ರೂಡ್ರೈವರು ಅವನಿಗೆ ಏನೂ ಹೇಳಲಿಲ್ಲ.

ತಮ್ಮ ಪೆಟ್ರೋಲ್ ತರಲು ಹೋದಾಗ ಮೇಸ್ತ್ರಿ ಚಿಂದಿಬಟ್ಟೆಯ ಡಬ್ಬದ ತಳದಿಂದ ಟೈಮಿಂಗ್ ಲೈಟ್ ತೆಗೆದ. ಗುಟ್ಟಾಗಿ ಕೊಂಡದ್ದು. ಬೆಳಕು ಬಿಟ್ಟು, ಗುರುತನ್ನು ಇರಬೇಕಾದ ಕಡೆಗೇ ತಂದು ನಿಲ್ಲಿಸಿ, ಬೋಲ್ಟು ಬಿಗಿದ. ಆ ಹಳೆಯ ಪುಲ್ಲಿಯ ಒಳಭಾಗಕ್ಕೂ ಹೊರಬಳೆಗೂ ನಡುವೆ ರಬ್ಬರ್ ಇತ್ತು. ಅದು ಸತ್ತು, ಬಳೆ ಜಾರಿ, ಬಳೆಯ ಮೇಲಿನ ಗುರುತೂ ಜಾರಿತ್ತು, ಅದನ್ನು ನಂಬಿ ಕೂರಿಸಿದ ಸ್ಪಾರ್ಕು ಹೊತ್ತಿಗೆ ಮುಂಚೆಯೇ ಬೀಳುತ್ತಿತ್ತು. ಎಂಜಿನ್ ಬಿಚ್ಚಿದ್ದಾಗ ಪಿಸ್ಟನ್ನನ್ನು ಮೇಲಕ್ಕೆ ತಂದು ಗುರುತು ಸರಿಯಿದೆಯೇ ಎಂದು ನೋಡಬಹುದಿತ್ತು. ಕಿವಿಯನ್ನೇ ನಂಬಿ ಬದುಕಿದವನಿಗೆ ಆ ಅಭ್ಯಾಸವೇ ಇರಲಿಲ್ಲ.

ತಮ್ಮ ಬಂದ ಮೇಲೆ ದೋಣಿಯನ್ನು ಕಟ್ಟೆಗೆ ಬಿಗಿದು, ಗೇರು ಹಾಕಿ ಎಂಜಿನ್ ಜೋರು ಮಾಡಿದರು. ಚಹಾ ತಂದಿದ್ದ ಮೇಸ್ತ್ರಿಯ ಹೆಂಡತಿ ಗಕ್ಕನೆ ನಿಂತಳು.

"ರೀ, ಒಳಗೆ ಏನೋ ಟಿಣ್ ಟಿಣ್ ಅಂತಿದೆ."

ತುಟಿ ನೋಡಿ ಅವನಿಗೆ ಅರ್ಥವಾಯಿತು, ಮೈ ಉರಿಯಿತು. "ಇದೇನು ನಿನ್ನ ಪಾತ್ರೆ ಸ್ಟ್ಯಾಂಡಾ? ಬಾಯಿ ಮುಚ್ಕೊಂಡು ಹೋಗು."

"ಬಿಡಿ ಅತ್ತಿಗೆ, ಅಣ್ಣನಿಗೆ ಕೇಳದ್ದು ನಿಮಗೆ ಕೇಳುತ್ತಾ?" ಎಂದು ತಮ್ಮ ನಕ್ಕ. ಮೇಸ್ತ್ರಿ ಸ್ಕ್ರೂಡ್ರೈವರು ಆನಿಸಿ, ಕಣ್ಣು ಮುಚ್ಚಿ, ತಲೆಯಾಡಿಸಿದ.

ತುಂಬಿದ ದೋಣಿ ನಡುನೀರಿನಲ್ಲಿ ಹೊಗೆ ಕಕ್ಕಿ ನಿಂತಿತು. ಮಕ್ಕಳು ಅತ್ತರು, ದೊಡ್ಡವರು ತಮ್ಮನ ಜನ್ಮ ಜಾಲಾಡಿದರು. ಇನ್ನೊಂದು ದೋಣಿ ಹಗ್ಗ ಹಾಕಿ ಎಳೆದು ತಂದಿತು. ಬಿಚ್ಚಿ ನೋಡಿದರೆ ಹೊಸ ಪಿಸ್ಟನ್ನಿಗೆ ತೂತು.

ಕಾರಣ ಹುಡುಕಿದವನು ತಮ್ಮನೇ. "ಪಿಸ್ಟನ್ ಮೇಲೆ ಬಂದು ನಿಂತ್ರೂ ಗುರುತು ಎಲ್ಲೋ ಇದೆ ನೋಡಣ್ಣ. ಬಳೆ ಜಾರಿದೆ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! "ನೋಡ್ದ್ಯಾ ಮತ್ತೆ? ಗುರುತೇ ಸುಳ್ಳಾದ್ರೆ ನಾನೇನ್ ಮಾಡ್ಲಿ?" ಎಂದುಬಿಟ್ಟ ಮೇಸ್ತ್ರಿ.

ತಮ್ಮ ನಿಧಾನವಾಗಿ ತಲೆಯೆತ್ತಿದ. "ನೀನ್ಯಾವಾಗಣ್ಣ ಗುರುತು ನೋಡೋಕೆ ಶುರು ಮಾಡಿದ್ದು?"

ಮೇಸ್ತ್ರಿ ಕೈ ತೊಳೆಯಲು ಬಕೆಟ್ಟಿನ ಕಡೆ ತಿರುಗಿದ.

"ಅಣ್ಣಾ, ನಿಂಗೆ ಕಿವಿ ಕೇಳಿಸಲ್ವಾ?" ಎಂದ ತಮ್ಮ, ಮೆಲ್ಲಗೆ, ಬೆನ್ನ ಹಿಂದಿನಿಂದ.

ಮೇಸ್ತ್ರಿ ಕೈ ತೊಳೆಯುತ್ತಲೇ ಇದ್ದ. ತಮ್ಮ ಎರಡನೇ ಸಲ ಕೇಳಲಿಲ್ಲ.

ಮತ್ತೆ ಪಿಸ್ಟನ್ ಬಂತು, ಬೇರೆ ಪುಲ್ಲಿ ಬಂತು. ಟೈಮಿಂಗ್ ಕೂರಿಸಿ ಎಂಜಿನ್ ಜೋರು ಮಾಡಿದಾಗ, ಮೊಳೆಗೆ ತೂಗುಹಾಕಿದ್ದ ಸ್ಕ್ರೂಡ್ರೈವರನ್ನು ತಮ್ಮನೇ ತೆಗೆದ. ಮೇಸ್ತ್ರಿ ಕೈ ಚಾಚಿದ. ತಮ್ಮ ಅವನನ್ನು ದಾಟಿಕೊಂಡು ಹೋದ.

"ಅತ್ತಿಗೆ, ನೀವೊಂದ್ಸಲ ಕೇಳಿ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಗಂಡ ನಿಲ್ಲುತ್ತಿದ್ದ ಹಾಗೆಯೇ ನಿಂತು, ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿದಳು. ದೋಣಿ ಹೊರಟಿತು. ಕಟ್ಟೆಯ ಮೇಲೆ ನಿಂತ ಮೇಸ್ತ್ರಿಗೆ ನಾಚಿಕೆಯಿಂದ ಜೀವ ಹಿಡಿಯಾಯಿತು.

ಸ್ಕ್ರೂಡ್ರೈವರನ್ನು ಮೊಳೆಗೆ ಸಿಕ್ಕಿಸುತ್ತ ಅವಳು ಏನೋ ಹೇಳಿದಳು. ಮುಖ ಗೋಡೆಯ ಕಡೆಗಿತ್ತು, ತುಟಿ ಕಾಣಲಿಲ್ಲ.

"ಏನಂದೆ?" ಎಂದು ಕೇಳಿದ ಮೇಸ್ತ್ರಿ.

ಅವಳು ತಿರುಗಿ, ಅವನಿಗೆ ಕಾಣುವ ಹಾಗೆ ಬಿಡಿಸಿ ಹೇಳಿದಳು: "ಏನಿಲ್ಲ."